ಅಪ್ಪನ ಹೊಲಿಗೆ ಮಿಷನ್ ಮೇಲಿದ್ದ ಫೋಟೋ

2019ರ ಆಗಸ್ಟ್‌ನಲ್ಲಿ ಕಾವೇರಿ ನಮ್ಮ ಮನೆಯೊಳಗೆ ಬಂದಳು. ಹಿಂದಿನ ವರ್ಷವೂ ಬಂದಿದ್ದಳು. ಕುಶಾಲನಗರದ ತಗ್ಗಿನ ಬಡಾವಣೆಗಳಲ್ಲಿ ಮನೆ ಇದ್ದವರಿಗೆ ಆ ಎರಡು ಮಳೆಗಾಲ ಮರೆಯುವ ಹಾಗಿಲ್ಲ. ನೀರು ಇಳಿದ ಮೇಲೆ ನಾನೂ ತಮ್ಮನೂ ಕೆಸರು ಬಾಚೋಕೆ ಹೋದೆವು. ಅಪ್ಪ ತೀರಿಕೊಂಡು ಆಗಲೇ ಎಂಟು ವರ್ಷ. ಅವರ ಕಬ್ಬಿಣದ ಟ್ರಂಕು ಮಂಚದ ಕೆಳಗೇ ಇತ್ತು. ಮುಚ್ಚಳ ತೆಗೆದರೆ ಕತ್ತರಿ, ಅಳತೆ ಬರೆಯುವ ಪುಸ್ತಕ, ಒಂದು ಡಬ್ಬಿ ತುಂಬ ಗುಂಡಿ. ಎಲ್ಲಕ್ಕಿಂತ ಕೆಳಗೆ ಒಂದು ಫೋಟೋ. ಪೇಪರಿನಿಂದ ಕತ್ತರಿಸಿ ರಟ್ಟಿಗೆ ಅಂಟಿಸಿದ್ದು. ನಾಲ್ಕು ಮೂಲೆಯಲ್ಲೂ ಮೊಳೆಯ ತೂತು. ನೀರಿನ ಕಂದು ಗೆರೆ ಅಂಗಿಯ ಕಾಲರ್‌ವರೆಗೆ ಹತ್ತಿ ನಿಂತಿತ್ತು.

"ಇದನ್ಯಾಕೆ ಇಟ್ಕೊಂಡಿದ್ರು ಅಪ್ಪ? ಬಿಸಾಕು ಅಕ್ಕ," ಅಂದ ತಮ್ಮ.

ನಾನು ಬಿಸಾಕಲಿಲ್ಲ. ಯಾಕೆ ಬಿಸಾಕಲಿಲ್ಲ ಅಂತ ತಮ್ಮನಿಗೆ ಆವತ್ತು ಸರಿಯಾಗಿ ಹೇಳೋಕೆ ಆಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫೋಟೋದಲ್ಲಿದ್ದವರು ಆರ್. ಗುಂಡೂರಾವ್. ಈಗಿನ ಮಕ್ಕಳಿಗೆ ಆ ಹೆಸರು ಗೊತ್ತಿರುವುದು ಗುಂಡೂರಾವ್ ಬಡಾವಣೆಯಿಂದ, ಇಲ್ಲವೇ ಅವರ ಮಗ ದಿನೇಶ್ ಗುಂಡೂರಾವ್ ಅವರಿಂದ. ನಮ್ಮ ತಲೆಮಾರಿಗೆ ಹಾಗಲ್ಲ. ನಮ್ಮೂರ ಪುರಸಭೆಯ ಅಧ್ಯಕ್ಷರಾಗಿ ರಾಜಕೀಯ ಶುರು ಮಾಡಿದವರು. 1972ರಲ್ಲಿ ಸೋಮವಾರಪೇಟೆ ಕ್ಷೇತ್ರದಿಂದ ಗೆದ್ದರು, 1978ರಲ್ಲಿ ಮತ್ತೆ ಗೆದ್ದರು, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾದರು. 1980ರ ಜನವರಿ 12ರಂದು ಮುಖ್ಯಮಂತ್ರಿಯಾದರು. ಆಗ ಅವರಿಗೆ 42 ವರ್ಷ. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿಂದ ಹೋಗಿ ಆ ಕುರ್ಚಿಯಲ್ಲಿ ಕೂತವರು ಇವತ್ತಿಗೂ ಅವರೊಬ್ಬರೇ.

ಅಪ್ಪ ಟೈಲರ್. ರಥಬೀದಿಯ ಒಂದು ಬಟ್ಟೆ ಅಂಗಡಿಯ ಜಗಲಿಯಲ್ಲಿ ಅವರ ಮಿಷನ್. ಆ ಜನವರಿಯಲ್ಲಿ ನನಗೆ 12 ವರ್ಷ. ರೇಡಿಯೋದಲ್ಲಿ ಸುದ್ದಿ ಬಂದಾಗ ಅಪ್ಪ ಪೆಡಲ್ ಮೇಲಿನ ಕಾಲು ತೆಗೆದು ಎದ್ದು ನಿಂತರು. ಪಕ್ಕದ ಹೋಟೆಲಿನಿಂದ ಜಗಲಿಯಲ್ಲಿದ್ದವರಿಗೆಲ್ಲ ಕಾಫಿ ತರಿಸಿದರು. ಅವರ ಕೈ ಅಷ್ಟು ಬಿಚ್ಚಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಮಾರನೇ ದಿನದ ಪೇಪರಿನಿಂದ ಫೋಟೋ ಕತ್ತರಿಸಿ, ರಟ್ಟಿಗೆ ಅಂಟಿಸಿ, ಮಿಷನ್ ಮೇಲಿನ ಗೋಡೆಗೆ ಹೊಡೆದರು. ಅದೇ ಈ ಫೋಟೋ.

"ರಾಯರು ನನ್ನನ್ನ ಹೆಸರು ಹಿಡಿದು ಕರೀತಾರೆ" ಅನ್ನೋದು ಅಪ್ಪನ ದೊಡ್ಡ ಹೆಮ್ಮೆ. ಒಬ್ಬ ಟೈಲರ್‌ನ ಹೆಸರು ಮುಖ್ಯಮಂತ್ರಿಗೆ ಗೊತ್ತಿದೆ ಅನ್ನೋದು ಸಣ್ಣ ವಿಷಯ ಅಲ್ಲ. ಕೊಡಗು ಅಂದರೆ ಹೊರಗಿನವರಿಗೆ ದೊಡ್ಡ ಮನೆತನಗಳು, ಕಾಫಿ ತೋಟ, ಸೈನ್ಯದ ಅಧಿಕಾರಿಗಳು ನೆನಪಾಗುತ್ತಾರೆ. ಕುಶಾಲನಗರ ಆ ಕೊಡಗಲ್ಲ. ಇದು ಅಂಗಡಿ, ಮರದ ಮಿಲ್ಲು, ಲಾರಿಗಳ ಊರು. ಗಡಿಯ ಸೇತುವೆ ದಾಟಿ ಬಂದು ಬದುಕು ಕಟ್ಟಿಕೊಂಡವರ ಊರು. ಈ ಊರಿನ ಬೀದಿಯಿಂದ ಒಬ್ಬರು ಎದ್ದು ವಿಧಾನಸೌಧಕ್ಕೆ ಹೋದರು ಅಂದರೆ ಅದರಲ್ಲಿ ನಮಗೂ ಒಂದು ಪಾಲು ಇದೆ ಅನ್ನಿಸುತ್ತಿತ್ತು.

ಆದರೆ ಅವರು ಅಲ್ಲಿಗೆ ಹೋದ ದಾರಿಯನ್ನೂ ಹೇಳಬೇಕು. 1979ರಲ್ಲಿ ಅರಸರಿಗೂ ಇಂದಿರಾ ಗಾಂಧಿಯವರಿಗೂ ಮುರಿದುಬಿತ್ತು. 1980ರ ಜನವರಿಯ ಲೋಕಸಭೆ ಚುನಾವಣೆಯಲ್ಲಿ ಕರ್ನಾಟಕದ 28 ಸೀಟಿನಲ್ಲಿ 27 ಇಂದಿರಾ ಪಕ್ಷಕ್ಕೆ ಹೋದವು. ಅರಸರ ಹಿಂದಿದ್ದ ಶಾಸಕರು ಗುಂಪು ಗುಂಪಾಗಿ ಈ ಕಡೆ ನಡೆದುಬಂದರು. ಅರಸರು ಕೆಳಗಿಳಿದರು, ಗುಂಡೂರಾವ್ ಮೇಲೇರಿದರು. ಸಂಜಯ ಗಾಂಧಿಯವರಿಗೆ ಹತ್ತಿರ ಇದ್ದವರು ಅನ್ನೋದು ಎಲ್ಲರಿಗೂ ಗೊತ್ತಿದ್ದ ಮಾತು. ಅವರೂ ಅದನ್ನು ಮುಚ್ಚಿಡಲಿಲ್ಲ. ತನ್ನನ್ನು ಮಂತ್ರಿ ಮಾಡಿದವರ ಕುರ್ಚಿಯಲ್ಲೇ ಕೂತರು. ರಾಜಕೀಯದಲ್ಲಿ ಇದೆಲ್ಲ ಇದ್ದದ್ದೇ ಅನ್ನಬಹುದು. ನನಗೆ ಮಾತ್ರ ಅದು ಮನಸ್ಸಿಗೆ ಹಿಡಿಸಿದ್ದಿಲ್ಲ. ದೆಹಲಿಯಿಂದ ಬಂದ ಬಲಕ್ಕೆ ಇಲ್ಲಿಯ ಜನ ಲೆಕ್ಕ ಕೇಳಲಾರರು ಅನ್ನುವ ಧೈರ್ಯ ಆಗಲೇ ಬಂದಿತ್ತೇನೋ ಅನ್ನಿಸುತ್ತದೆ.

ಆರು ತಿಂಗಳು ಕಳೆದಿತ್ತಷ್ಟೇ, ನರಗುಂದ ಆಯಿತು.

ನರಗುಂದ ನನಗೆ ಪೇಪರಿನ ಸುದ್ದಿಯಾಗಿ ಮಾತ್ರ ಉಳಿಯಬಹುದಿತ್ತು. ಹಾಗಾಗಲಿಲ್ಲ. 1991ರಲ್ಲಿ ಕನ್ನಡ ಟೀಚರ್ ಆಗಿ ನನಗೆ ಮೊದಲ ಪೋಸ್ಟಿಂಗ್ ಸಿಕ್ಕಿದ್ದೇ ನರಗುಂದ ತಾಲ್ಲೂಕಿನ ಒಂದು ಹಳ್ಳಿಗೆ. ಆಗ ಅದು ಧಾರವಾಡ ಜಿಲ್ಲೆಯಲ್ಲಿತ್ತು. ಮಳೆ, ಹಸಿರು, ಜಿಗಣೆ ನೋಡಿ ಬೆಳೆದವಳು ನಾನು. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಎರೆ ಮಣ್ಣು. ಬೇಸಿಗೆಯಲ್ಲಿ ನೆಲ ಕೈ ಹೋಗುವಷ್ಟು ಬಿರಿಯುತ್ತಿತ್ತು. ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆಗೆ ರೂಮು ಹಿಡಿದೆ. ಮೊದಲ ಸಂಜೆ ಅವರು ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು.

"ಯಾವೂರ್ರೀ ಅಕ್ಕಾರ ನಿಮ್ದು?"

"ಕೊಡಗು ಅಜ್ಜಿ. ಕುಶಾಲನಗರ."

"ಗುಂಡೂರಾಯನ ಊರೇನ್ರೀ?"

ಹೌದು ಅಂದೆ. ಹೆಮ್ಮೆಯಿಂದಲೇ ಅಂದೆ, ಅಭ್ಯಾಸ ಬಲ. ಅಜ್ಜಿ ಏನೂ ಮಾತಾಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಒದ್ದೆ ಬಟ್ಟೆಯಿಂದ ಒತ್ತಿ, ನನ್ನ ತಟ್ಟೆಗೆ ಇಟ್ಟರು. ಶೇಂಗಾ ಚಟ್ನಿ, ಮೊಸರು ಬಡಿಸಿದರು. ಆದರೆ ಆವತ್ತು ಮತ್ತೆ ಮಾತಿಲ್ಲ. ತಿಂಗಳುಗಳು ಕಳೆದ ಮೇಲೆ, ನಾನು ಮನೆಯ ಹುಡುಗಿಯ ಹಾಗೆ ಆದ ಮೇಲೆ, ಒಂದು ಮಧ್ಯಾಹ್ನ ತಾವಾಗಿಯೇ ಹೇಳಿದರು.

ಮಲಪ್ರಭಾ ನದಿಗೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದರು. ಕಾಲುವೆ ತೋಡಿದರು. ನೀರಾವರಿ ಬಂದು ಜಮೀನಿನ ಬೆಲೆ ಏರಿತು ಅಂತ ರೈತರ ಮೇಲೆ ಅಭಿವೃದ್ಧಿ ಕರ ಹಾಕಿದರು. ಕಾಲುವೆಯ ಕೊನೆಯ ಹೊಲಗಳಿಗೆ ನೀರೇ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅದೇ ಹೊತ್ತಿಗೆ ವರಲಕ್ಷ್ಮಿ ಹತ್ತಿಯ ರೇಟು ಬಿದ್ದುಹೋಗಿತ್ತು. ಸಾಲ, ಕರ, ವಸೂಲಿ ಎಲ್ಲ ಒಟ್ಟಿಗೆ ಬಂದು ಕೂತಿತ್ತು. ಅಜ್ಜಿ ಇಷ್ಟನ್ನೂ ಒಂದೇ ಮಾತಲ್ಲಿ ಹೇಳಿದರು: "ಹೊಲಕ್ಕ ನೀರ ಬರೂಕಿಂತ ಮೊದ್ಲ ಕರ ಬಂತ್ರೀ ಅಕ್ಕಾರ."

1980ರ ಜುಲೈ 21ರಂದು ನರಗುಂದದಲ್ಲೂ ನವಲಗುಂದದಲ್ಲೂ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು. ರೈತರು ಸತ್ತರು. ನರಗುಂದದಲ್ಲಿ ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಅವರ ಮನೆಯಲ್ಲೂ ಅವತ್ತು ಒಲೆ ಉರಿದಿರಲಿಕ್ಕಿಲ್ಲ, ಅದನ್ನು ಬಿಟ್ಟು ಈ ಕಥೆ ಹೇಳಬಾರದು. ಮುಂದಿನ ವಾರಗಳಲ್ಲಿ ರಾಜ್ಯದ ಬೇರೆ ಕಡೆಗಳಿಗೂ ಕಿಚ್ಚು ಹಬ್ಬಿ, ಅಲ್ಲೂ ಗೋಲಿಬಾರ್ ಆಗಿ ಜೀವ ಹೋದವು. ಅಜ್ಜಿಯ ತಮ್ಮ ಅಂದು ನರಗುಂದಕ್ಕೆ ಹೋಗಿದ್ದವರು. ರಾತ್ರಿ ಹಿಂದಿನ ಬಾಗಿಲಿಂದ ಬಂದು, ಒಂದು ರೊಟ್ಟಿ ತಿಂದು, ರೋಣದ ಕಡೆಯ ಬೀಗರ ಮನೆಗೆ ಹೋದರಂತೆ. ಊರಿನ ಗಂಡಸರು ಎಷ್ಟೋ ದಿನ ಮನೆಯಲ್ಲಿ ಮಲಗಲಿಲ್ಲವಂತೆ.

ಇದೇ ಬೆಂಕಿಯಿಂದ ಕರ್ನಾಟಕ ರಾಜ್ಯ ರೈತ ಸಂಘ ಎದ್ದುಬಂತು. ನಾನು ಅಲ್ಲಿದ್ದ ವರ್ಷಗಳಲ್ಲೂ ಜುಲೈ 21 ಬಂದರೆ ಹಸಿರು ಟವೆಲ್ ಹೆಗಲಿಗೆ ಹಾಕಿಕೊಂಡು ಜನ ಹುತಾತ್ಮರ ವೀರಗಲ್ಲಿಗೆ ಹೂ ಇಡಲು ಹೋಗುತ್ತಿದ್ದರು. ಅವತ್ತು ನನ್ನ ಕ್ಲಾಸಿನಲ್ಲಿ ಅರ್ಧ ಮಕ್ಕಳು ಇರುತ್ತಿರಲಿಲ್ಲ. ನಾನು ಹಾಜರಿ ಕರೆಯುತ್ತಿರಲಿಲ್ಲ.

ಈಗ ನ್ಯಾಯವಾಗಿ ಮಾತಾಡೋಣ. ಆ ಅಣೆಕಟ್ಟು ಗುಂಡೂರಾವ್ ಕಟ್ಟಿಸಿದ್ದಲ್ಲ. ಆ ಕರದ ಬೇರು ಅವರಿಗಿಂತ ಹಿಂದಿನದು. ಗುಂಡು ಹಾರಿದ ದಿನಕ್ಕೆ ಅವರು ಕುರ್ಚಿಯಲ್ಲಿ ಕೂತು ಆರು ತಿಂಗಳು, ಒಂಬತ್ತು ದಿನ. ಕೆಲವು ರಿಯಾಯಿತಿಗಳನ್ನು ಆಮೇಲೆ ಅವರ ಸರಕಾರವೇ ಕೊಟ್ಟಿತು. ಇಷ್ಟನ್ನೂ ಅವರ ಕಡೆಗೆ ಬರೆದುಕೊಳ್ಳುತ್ತೇನೆ. ಆದರೆ ಸರಕಾರ ಅದನ್ನು ಮೊದಲು ನೋಡಿದ್ದು ಗಲಾಟೆ ಅಂತ. ಹೊಟ್ಟೆಯ ಸಂಕಟ ಅಂತ ನೋಡಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಅದೇ ಚಾಳಿ ಮತ್ತೆ ಮತ್ತೆ ಕಂಡಿತು. 1980ರ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ಮುಷ್ಕರಕ್ಕೆ ಇಳಿದರು. 77 ದಿನ ನಡೆಯಿತು. ಪತ್ರಿಕೆಯವರ ಜೊತೆ ಜಗಳ ಅಂತೂ ದಿನಾ. ಪತ್ರಕರ್ತರನ್ನು ಅರಬ್ಬೀ ಸಮುದ್ರಕ್ಕೆ ಎಸೆಯಬೇಕು ಅನ್ನುವ ಅರ್ಥದ ಮಾತು ಅವರ ಹೆಸರಿಗೆ ಅಂಟಿಕೊಂಡಿದ್ದು ಇವತ್ತಿಗೂ ಬಿಟ್ಟಿಲ್ಲ. ನಮ್ಮೂರಲ್ಲಿ ಅದನ್ನು "ರಾಯರದ್ದು ಸ್ವಲ್ಪ ನೇರ ಬಾಯಿ" ಅಂತ ಹೇಳಿ ತೇಲಿಸುತ್ತಿದ್ದರು. ಬೀದಿಯಲ್ಲಿ ಆಡಿದರೆ ಅದು ನೇರ ಬಾಯಿ. ಪೊಲೀಸ್ ಇಲಾಖೆ ಕೈಯಲ್ಲಿರುವ ಸರಕಾರದ ಮುಖ್ಯಸ್ಥ ಆಡಿದರೆ ಕೇಳುವವರಿಗೆ ಭಯ ಆಗುತ್ತದೆ ಅಲ್ವಾ?

ಆಮೇಲೆ ಗೋಕಾಕ್ ಚಳವಳಿ. ಕನ್ನಡದ ಟೀಚರ್ ಆದ ನಾನು ಇದರ ಬಗ್ಗೆ ಸುಮ್ನೆ ಎರಡು ಮಾತಲ್ಲಿ ಮುಗಿಸಲಾರೆ.

ಪ್ರೌಢಶಾಲೆಯಲ್ಲಿ ಕನ್ನಡ ಓದದೆಯೇ, ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಮುಗಿಸುವ ದಾರಿ ಆಗ ಇತ್ತು. ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ 1980ರಲ್ಲಿ ಸಮಿತಿ ಆಯಿತು. 1981ರ ಜನವರಿಯಲ್ಲಿ ವರದಿ ಬಂತು. ಕನ್ನಡವೇ ಏಕೈಕ ಪ್ರಥಮ ಭಾಷೆ ಆಗಬೇಕು ಅಂತ ಸಮಿತಿ ಹೇಳಿತು. ಸರಕಾರ ವರದಿ ಇಟ್ಟುಕೊಂಡು ಕೂತಿತು. ಧಾರವಾಡದ ಕಡೆ ಸಾಹಿತಿಗಳು ಶುರು ಮಾಡಿದ ಕೂಗು 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗೆ ಬಂದ ಮೇಲೆ ಇಡೀ ನಾಡಿನ ಕೂಗಾಯಿತು. ಸರಕಾರ ಬಗ್ಗಿತು, ಅಲ್ಲಿ ಇಲ್ಲಿ ತಿದ್ದಿ ಒಪ್ಪಿಕೊಂಡಿತು. ಅಷ್ಟರಲ್ಲಿ ನಮ್ಮ ರಾಯರು ಕನ್ನಡಕ್ಕೆ ಅಡ್ಡ ನಿಂತವರು ಅನ್ನಿಸಿಕೊಂಡಾಗಿತ್ತು.

ಆಗ ನಾನು ಒಂಬತ್ತನೇ ಕ್ಲಾಸು. ನನ್ನ ಬೆಂಚಿನಲ್ಲಿ ನಾಲ್ಕು ಜನ. ಒಬ್ಬಳ ಮನೆಯಲ್ಲಿ ಕೊಡವ ತಕ್ಕ್, ಇನ್ನೊಬ್ಬಳ ಮನೆಯಲ್ಲಿ ಅರೆಭಾಷೆ, ಮತ್ತೊಬ್ಬಳ ಮನೆಯಲ್ಲಿ ಮಲಯಾಳ. ನಾನೊಬ್ಬಳೇ ಮನೆಯಲ್ಲೂ ಕನ್ನಡ ಆಡುವವಳು. ಜಗಳ ಆಡಿದ್ದು, ರಾಜಿ ಆದದ್ದು, ಗುಟ್ಟು ಹೇಳಿಕೊಂಡದ್ದು ಎಲ್ಲ ಕನ್ನಡದಲ್ಲಿ. ಬೇರೆ ಬೇರೆ ಮನೆಮಾತಿನ ಮಕ್ಕಳನ್ನು ಕನ್ನಡ ಹೇಗೆ ಒಂದೇ ಬೆಂಚಿನಲ್ಲಿ ಕೂರಿಸುತ್ತದೆ, ಯಾರ ಮಾತನ್ನೂ ಕಿತ್ತುಕೊಳ್ಳದೆ ಹೇಗೆ ಕೂರಿಸಬಹುದು, ಇದನ್ನು ಕೊಡಗಿನವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಈ ಊರಿನಿಂದ ಹೋದ ಮುಖ್ಯಮಂತ್ರಿ ಆ ಮಾತನ್ನು ನಾಡಿಗೆ ಹೇಳಬಹುದಿತ್ತು. ಕನ್ನಡದವರಿಗೂ ಧೈರ್ಯ, ಬೇರೆ ಮಾತಿನವರಿಗೂ ಧೈರ್ಯ ಆಗುತ್ತಿತ್ತು. ಹೇಳಲಿಲ್ಲ. ಅವರ ಮೇಲೆ ನನಗಿರುವ ಅತಿ ದೊಡ್ಡ ಬೇಜಾರು ಇದೇ. ಆ ಚಳವಳಿಯಿಂದ ಶಾಲೆಗಳಲ್ಲಿ ಕನ್ನಡಕ್ಕೆ ಬಂದ ಬೆಲೆಯಿಂದಲೇ ನನ್ನಂಥ ಎಷ್ಟೋ ಜನರ ಅನ್ನ ಹುಟ್ಟಿತು. ಅಪ್ಪನ ಗೋಡೆಯ ಮೇಲಿದ್ದವರ ವಿರುದ್ಧ ನಡೆದ ಹೋರಾಟದ ಅನ್ನ ತಿಂದವಳು ನಾನು.

ಖಾಸಗಿ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಿಗೆ ಆ ಕಾಲದಲ್ಲಿ ಧಾರಾಳವಾಗಿ ಪರವಾನಗಿ ಸಿಕ್ಕಿತು. ಡೊನೇಷನ್ ಹಾವಳಿ ಎಷ್ಟಾಯಿತು ಅಂದರೆ 1984ರಲ್ಲಿ ಮುಂದಿನ ಸರಕಾರ ಅದರ ವಿರುದ್ಧ ಕಾನೂನೇ ತರಬೇಕಾಯಿತು. ಅದೇ ಕಾಲೇಜುಗಳಲ್ಲಿ ಓದಿದವರಿಂದ ಬೆಂಗಳೂರು ಬೆಳೆಯಿತು ಅನ್ನುವುದೂ ಸುಳ್ಳಲ್ಲ. ಹಾರಂಗಿ ಅಣೆಕಟ್ಟು ನಮ್ಮೂರಿಂದ ಹತ್ತು ಕಿಲೋಮೀಟರೂ ಇಲ್ಲ. 60ರ ದಶಕದಲ್ಲಿ ಶುರುವಾದ ಕೆಲಸ ಮುಗಿದದ್ದು 1982ರಲ್ಲಿ, ಅವರ ಕಾಲದಲ್ಲೇ. ಎಂಟೂವರೆ ಟಿಎಂಸಿ ನೀರು. ನಮ್ಮ ಕಣ್ಣ ಮುಂದೆಯೇ ಅದು ಹೆಚ್ಚಾಗಿ ಮೈಸೂರು, ಹಾಸನ ಜಿಲ್ಲೆಯ ಗದ್ದೆಗಳಿಗೆ ಹರಿಯಿತು. ಕೊಡಗಿಗೆ ಏನು ಸಿಕ್ಕಿತು ಅಂತ ಇಲ್ಲಿಯವರು ಕೇಳುತ್ತಾರೆ. ಕೇಳಬೇಕಾದದ್ದೇ. ಆದರೆ ನರಗುಂದ ನೋಡಿಬಂದ ಮೇಲೆ, ಯಾರದೋ ಹೊಲಕ್ಕೆ ನೀರು ಮುಟ್ಟಿತು ಅಂದರೆ ನನಗೆ ಹೊಟ್ಟೆ ಉರಿಯುವುದಿಲ್ಲ.

ಇಷ್ಟು ವರ್ಷ ಯೋಚಿಸಿ ನನಗೆ ಹೊಳೆದದ್ದು ಒಂದು. ರಥಬೀದಿಯಲ್ಲಿ ಅವರ ಗುಣ ಆಗಿದ್ದದ್ದೇ ವಿಧಾನಸೌಧದಲ್ಲಿ ಅವರ ದೋಷ ಆಯಿತು. ಎದುರಿಗೆ ಒಬ್ಬ ಮನುಷ್ಯ ನಿಂತರೆ ಅವರಿಗೆ ಅವನ ಕಷ್ಟ ಅರ್ಥ ಆಗುತ್ತಿತ್ತು. ಅಪ್ಪನಂಥವರು ಸಾಯುವವರೆಗೂ ನೆನೆದದ್ದು ಅದನ್ನೇ. ಆದರೆ ಸಾವಿರ ಜನ ಒಟ್ಟಿಗೆ ನಿಂತು ಕೇಳಿದರೆ, ಅದು ಕೇಳಿಕೆ ಅಂತ ಕಾಣಿಸದೆ ಸವಾಲು ಅಂತ ಕಾಣಿಸುತ್ತಿತ್ತು. ಅರ್ಜಿ ಹಿಡಿದು ಬಂದವನಿಗೆ ಬಾಗಿಲು ತೆರೆದಿತ್ತು. ಬಾವುಟ ಹಿಡಿದು ಬಂದವನಿಗೆ ಇರಲಿಲ್ಲ. ರೈತನೂ ಕಾರ್ಮಿಕನೂ ಕನ್ನಡದವನೂ ಬಾವುಟ ಹಿಡಿದೇ ಬಂದಿದ್ದರು, ಯಾಕಂದರೆ ಅವರು ಕೇಳುತ್ತಿದ್ದದ್ದು ಉಪಕಾರ ಅಲ್ಲ, ಹಕ್ಕು.

1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ ಸೋತಿತು. ರಾಮಕೃಷ್ಣ ಹೆಗಡೆ ಬಂದರು. ಸೋಮವಾರಪೇಟೆಯಲ್ಲಿ, ಸ್ವಂತ ಮಣ್ಣಿನಲ್ಲಿ, ಮುಖ್ಯಮಂತ್ರಿಯೇ ಜನತಾ ಪಕ್ಷದ ಬಿ.ಎ. ಜೀವಿಜಯ ಅವರ ಎದುರು ಸೋತರು. ಆವತ್ತು ನಮ್ಮ ಬೀದಿಯಲ್ಲಿ ಪಟಾಕಿಯೂ ಹೊಡೆದರು, ಕೆಲವು ಅಂಗಡಿಗಳು ಬೇಗ ಬಾಗಿಲೂ ಹಾಕಿದವು. ಅಪ್ಪ ರಾತ್ರಿ ಊಟ ಮಾಡಲಿಲ್ಲ. ಅವರ ನಾಯಕ ಸೋತ ದುಃಖ ಅಂತ ನಾವು ಅಂದುಕೊಂಡೆವು.

ಆಮೇಲೆ ಅವರು 1989ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಹೋದರು. 1993ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. 56 ವರ್ಷ, ಅಷ್ಟೇ. ನಾನಿನ್ನೂ ನರಗುಂದದ ಕಡೆಯೇ ಇದ್ದೆ. ಪೇಪರ್ ನೋಡಿ ಅಜ್ಜಿಗೆ ಓದಿ ಹೇಳಿದೆ. ಹೇಗೆ ತಗೋತಾರೋ ಅಂತ ಅಳುಕಿತ್ತು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸಣ್ಣ ವಯಸ್ಸು ಬಿಡ್ರೀ. ಹೇಣ್ತಿ ಮಕ್ಳು ಏನ್ ಮಾಡ್ತಾರೋ ಪಾಪ."

ಎದ್ದು ಒಳಗೆ ಹೋದವರು ಹೊಸ್ತಿಲಲ್ಲಿ ನಿಂತು ಹಿಂತಿರುಗಿ ನೋಡಿದರು. "ಆದ್ರ ನಮ್ಮ ಹುಡುಗ್ರ ಹೋದದ್ದು ಹೋದದ್ದ ಅಲ್ರೀ, ಅಕ್ಕಾರ."

ನನಗೆ ಗೊತ್ತಿರುವ ಯಾವ ದೊಡ್ಡವರೂ ಆ ಮನುಷ್ಯನ ಬಗ್ಗೆ ಇಷ್ಟು ಸರಿಯಾಗಿ ಮಾತಾಡಿದ್ದನ್ನು ಕೇಳಿಲ್ಲ. ಎರಡೂ ಮಾತು ಒಂದೇ ಬಾಯಿಂದ, ಒಂದೇ ಉಸಿರಲ್ಲಿ ಬಂದವು. ಒಂದು ಇನ್ನೊಂದನ್ನು ಅಳಿಸಲಿಲ್ಲ. ನಮ್ಮ ಕೊಡಗಿನಲ್ಲಿ ಇನ್ನೂರು ವರ್ಷದ ಹಿಂದಿನ ಒಬ್ಬ ದೊರೆಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. 2015ರ ಟಿಪ್ಪು ಜಯಂತಿ ದಿನ ಮಡಿಕೇರಿಯಲ್ಲಿ ಜೀವವೇ ಹೋಯಿತು. ಆದರೆ ನಾವೇ ಕಣ್ಣಾರೆ ಕಂಡ, ನಾವೇ ಓಟು ಹಾಕಿದ ಒಬ್ಬರ ಬಗ್ಗೆ ಕೂತು ಮಾತಾಡೋದಿಲ್ಲ. ಹೊಗಳುವವರು ಊರಿಗೆ ಕೀರ್ತಿ ತಂದವರು ಅಂತಾರೆ. ತೆಗಳುವವರು ರೈತ ವಿರೋಧಿ ಅಂದು ಎದ್ದು ಹೋಗುತ್ತಾರೆ.

ರಾಯರು ತೀರಿಕೊಂಡ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಬಂದೆ. ಹಬ್ಬದ ಹೊಲಿಗೆ, ಅಪ್ಪನಿಗೆ ಕೈ ತುಂಬ ಕೆಲಸ. ಜಗಲಿಗೆ ಬುತ್ತಿ ತಗೊಂಡು ಹೋದೆ. ಫೋಟೋಗೆ ಒಂದು ಸೇವಂತಿಗೆ ಹಾರ ಬಿದ್ದಿತ್ತು. ನನಗೆ ಅಜ್ಜಿಯ ಮಾತು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಹೊಲಕ್ಕೆ ನೀರು ಬರುವ ಮೊದಲು ಬಂದ ಕರ, ಹಿಂದಿನ ಬಾಗಿಲಿಂದ ಬಂದ ತಮ್ಮ, ವೀರಗಲ್ಲು. ಹೇಳುತ್ತಾ ನನ್ನ ದನಿ ಏರಿತು. ಅಪ್ಪನನ್ನೇ ಬೈದ ಹಾಗೆ ಆಯಿತು.

ಅಪ್ಪ ಒಂದು ಜುಬ್ಬಾಗೆ ಕಾಜಾ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"83ರಲ್ಲಿ ನಾನು ರಾಯರಿಗೆ ಓಟು ಹಾಕ್ಲಿಲ್ಲ ಮಗಾ."

ಹತ್ತು ವರ್ಷ ಇದನ್ನು ಅವರು ಅಮ್ಮನಿಗೂ ಹೇಳಿರಲಿಲ್ಲ.

"ಪೇಪರಲ್ಲಿ ಓದಿದ್ದೆ. ಅನ್ನ ಬೆಳೆಯೋರಿಗೆ ಗುಂಡು ಹೊಡೆದ್ರಲ್ಲ. ಕೈ ಬರ್ಲಿಲ್ಲ. ಬೂತಿಂದ ಹೊರಗೆ ಬಂದು ಇಲ್ಲಿಗೆ ಬರೋದಕ್ಕೇ ನಾಚಿಕೆ ಆಯ್ತು. ಈ ಫೋಟೋ ಕೆಳಗೆ ಹೇಗೆ ಕೂತ್ಕೊಳ್ಳೋದು ಅಂತ."

"ಮತ್ತೆ ತೆಗೆದುಹಾಕಬಹುದಿತ್ತಲ್ಲಪ್ಪ."

"ಯಾಕೆ? ನನ್ನ ಹೆಸರು ಹಿಡಿದು ಕರೆದದ್ದು ಸುಳ್ಳಾ?" ಅಂದರು. ದಾರ ಕಚ್ಚಿ ಕಡಿದು, ಮುಂದಿನ ಕಾಜಾಗೆ ಸೂಜಿ ಹಾಕಿದರು.

2019ರ ಆ ಮಧ್ಯಾಹ್ನ ಒಂದಿಷ್ಟು ಬಿಸಿಲು ಬಂತು. ಕಾಂಪೌಂಡ್ ಗೋಡೆಯ ಮೇಲೆ ಅಪ್ಪನ ಅಳತೆ ಪುಸ್ತಕ ಬಿಡಿಸಿಟ್ಟೆ. ಪಕ್ಕದಲ್ಲಿ ಫೋಟೋ. ಒಣಗುವಾಗ ರಟ್ಟು ಸುರುಟಿಕೊಳ್ಳುತ್ತದೆ ಅಂತ ಅದರ ಮೇಲೆ ಕತ್ತರಿ ಇಟ್ಟೆ. ತಮ್ಮ ಬಕೆಟ್ ಹಿಡಿದು ನೋಡುತ್ತಾ ನಿಂತಿದ್ದ. ಮತ್ತೆ ಏನೂ ಕೇಳಲಿಲ್ಲ. ಗಾಳಿಗೆ ಅಳತೆ ಪುಸ್ತಕದ ಹಾಳೆ ಏಳುತ್ತಿತ್ತು, ಅವನೇ ಒಂದು ಕಲ್ಲು ತಂದು ಇಟ್ಟ.